ಒಂದು ಆಟಿಕೆಯ ಗಾಲಿ

ಆಟಿಕೆಯೆಂಬುದು ಅಲ್ಪ ವಸ್ತುವೆಂಬ ಭಾವನೆ ನಮ್ಮಲ್ಲಿ ರೂಢಮೂಲವಾಗಿದೆ. ನಮ್ಮ ಪೂರ್ವ ಕವಿಗಳು ಹಾಗೆ ಬಗೆದವರಲ್ಲ. ಶೂದ್ರಕನು ತನ್ನ ಪ್ರಕರಣಕ್ಕೆ ನಾಯಕನ ಹೆಸರನ್ನಾಗಲಿ ನಾಯಿಕೆಯ ಹೆಸರನ್ನಾಗಲಿ ಇಡದೆ, ಒಂದು ಮಗುವಿನ ಮಣ್ಣಿನ ಬಂಡಿಯ ಹೆಸರನ್ನಿಟ್ಟು ‘ಮೃಚ್ಛಕಟಿಕ’ವೆಂದು ಕರೆದನು. ಚಾರುದತ್ತನ ಮಗ ರೋಹಸೇನನು ಚಿನ್ನದ ಬಂಡಿ ಬೇಕೆಂದು ಅತ್ತಾಗ ವಸಂತಸೇನೆ ತನ್ನ ಆಭರಣಗಳನ್ನು ಕಳಚಿ ಆ ಮಣ್ಣಿನ ಬಂಡಿಗೆ ತುಂಬಿದಳು. ಆ ಆಭರಣಗಳೇ ಮುಂದೆ ನ್ಯಾಯಸಭೆಯಲ್ಲಿ ಚಾರುದತ್ತನ ಮೇಲಣ ಆರೋಪಕ್ಕೆ ಸಾಕ್ಷ್ಯವಾದವು. ಆಟಿಕೆಯೊಂದು ಹಿರಿಯರ ಬಾಳಿನಲ್ಲಿ ಎಷ್ಟು ದೂರ ಉರುಳಬಲ್ಲುದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ. ನಾನು ಹೇಳಹೊರಟಿರುವುದು ಅಂಥದೇ ಒಂದು ಬಂಡಿಯ ವಿಷಯ. ಇದು ಮಣ್ಣಿನದಲ್ಲ, ಪ್ಲಾಸ್ಟಿಕ್ ಇಟ್ಟಿಗೆಗಳದು.

ನನ್ನ ತಂಗಿಯ ಮನೆ ಹಲಸೂರಿನಲ್ಲಿ. ಅವಳ ಮಾವನವರು ಉಗಿಬಂಡಿಗಳ ಕಾಲದಲ್ಲಿ ರೈಲ್ವೆಯ ಫೈರ್‌ಮನ್ ಆಗಿದ್ದವರು. ಬೆಂಗಳೂರಿನ ದಂಡುಪ್ರದೇಶಕ್ಕೆ ಜೋಲಾರ್‌ಪೇಟೆಯ ಕಡೆಯಿಂದ ಮೊದಲ ರೈಲು ಬಂದದ್ದು 1864ರಲ್ಲಿ. ಅದೇ ಅಗಲ ಹಳಿಯ ಮೇಲೆ ಡಬ್ಲ್ಯು.ಪಿ. ಎಂಬ ಗುಂಡುಮೂತಿಯ ಎಂಜಿನ್ನಿಗೆ ಕಲ್ಲಿದ್ದಲು ಎರಚಿ ಯೌವನವನ್ನು ಕಳೆದೆನೆಂದು ಆ ಹಿರಿಯರು ಹೇಳುತ್ತಿದ್ದರು. 2023ರ ಹೊತ್ತಿಗೆ ಅವರ ದೃಷ್ಟಿ ಬಹುವಾಗಿ ಕುಂದಿತ್ತು. ತಂಗಿಯ ಮಗ ಆಗ ಒಂಬತ್ತನೆಯ ತರಗತಿ ಮುಗಿಸಿದ್ದನು. ವಿದೇಶದಲ್ಲಿರುವ ಚಿಕ್ಕಪ್ಪ ಕಳುಹಿಸಿದ್ದ ಲೆಗೋ ಇಟ್ಟಿಗೆಗಳಿಂದ, ತಾತನ ಕಣ್ಣು ಪೂರ್ತಿ ಮುಚ್ಚುವ ಮೊದಲೇ ಆ ಎಂಜಿನ್ನನ್ನು ಕಟ್ಟಿಕೊಡಬೇಕೆಂಬುದು ಅವನ ಛಲ.

ಈ ಇಟ್ಟಿಗೆಗಳ ಲಕ್ಷಣವನ್ನು ಸ್ವಲ್ಪ ಅರಿಯಬೇಕು. ಡೆನ್ಮಾರ್ಕಿನ ಬಿಲುಂಡ್ ಎಂಬ ಊರಿನಲ್ಲಿ 1932ರಲ್ಲಿ ಒಬ್ಬ ಬಡಗಿ ಮರದ ಆಟಿಕೆಗಳನ್ನು ಮಾಡತೊಡಗಿದನು. ಅದೇ ಕಾರ್ಖಾನೆಯ ಪ್ಲಾಸ್ಟಿಕ್ ಇಟ್ಟಿಗೆಗೆ 1958ರಲ್ಲಿ ಈಗಿನ ರೂಪ ಬಂದಿತು. ಮೇಲ್ಭಾಗದ ಗುಬುಟುಗಳು ಒಂದರಿಂದ ಒಂದಕ್ಕೆ 8 ಮಿಲಿಮೀಟರು ದೂರ. ಇಟ್ಟಿಗೆಯ ಎತ್ತರ 9.6 ಮಿಲಿಮೀಟರು. ಅಂದಿನ ಇಟ್ಟಿಗೆ ಇಂದಿನದರ ಮೇಲೆಯೂ ಕೂರುತ್ತದೆ. 1966ರಲ್ಲಿ ಇದಕ್ಕೆ ರೈಲು ಸೇರಿತು. 1991ರಲ್ಲಿ ಲೋಹದ ಹಳಿಯ ಮೇಲೆ ಓಡುವ 9 ವೋಲ್ಟಿನ ರೈಲು ಬಂದು, 2007ರಲ್ಲಿ ನಿಂತುಹೋಯಿತು. ತಯಾರಕರು ಕೈಬಿಟ್ಟ ಭಾಗಗಳನ್ನೂ, ಅವರು ಎಂದೂ ಮಾಡದ ಭಾಗಗಳನ್ನೂ ತಾವೇ ಮಾಡಿಕೊಳ್ಳುವವರು ಹಲವು ದೇಶಗಳಲ್ಲಿ ಹುಟ್ಟಿಕೊಂಡಿದ್ದಾರೆ.

ಹುಡುಗನಿಗೆ ಎದುರಾದ ತೊಡಕು ಲೆಕ್ಕದ್ದು. ಆಟಿಕೆಯ ಹಳಿಗಳ ಅಂತರ 37.5 ಮಿಲಿಮೀಟರು, ನಮ್ಮ ಅಗಲ ಹಳಿಯದು 1676. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಪ್ರಮಾಣ ಸುಮಾರು ನಲವತ್ತೈದಕ್ಕೆ ಒಂದು. ಪೆರಂಬೂರಿನಲ್ಲಿ ತಯಾರಾಗುತ್ತಿದ್ದ ಬೋಗಿಯ ಅಗಲ 3245 ಮಿಲಿಮೀಟರು. ಅದು ಈ ಪ್ರಮಾಣದಲ್ಲಿ 72, ಎಂದರೆ ಸರಿಯಾಗಿ ಒಂಬತ್ತು ಗುಬುಟು. ಡಬ್ಲ್ಯು.ಪಿ. ಎಂಜಿನ್ನಿನ ದೊಡ್ಡ ಗಾಲಿ 1702 ಮಿಲಿಮೀಟರಿನದು. ಆಟಿಕೆಯಲ್ಲಿ ಅದು 38 ಆಗಬೇಕು. ಆ ಅಳತೆಯ ಗಾಲಿ ಪೆಟ್ಟಿಗೆಯಲ್ಲಿರಲಿಲ್ಲ. ಗಣಿತವೆಂದರೆ ಬೆವರುತ್ತಿದ್ದ ಹುಡುಗ ಇಷ್ಟನ್ನೂ ಹಳೆಯ ನೋಟುಬುಕ್ಕಿನ ಹಿಂಬದಿಯಲ್ಲಿ ತಾನಾಗಿಯೇ ಮಾಡಿಟ್ಟಿದ್ದನೆಂಬುದನ್ನು ಅಧ್ಯಾಪಕ ಬಂಧುಗಳು ಗಮನಿಸಬೇಕು.

“ಮಾವ, ಕಮರ್ಷಿಯಲ್ ಸ್ಟ್ರೀಟಿನಲ್ಲಿ ಸಿಗದ ಆಟದ ಸಾಮಾನು ಇಲ್ಲವಂತೆ” ಎಂದು ಅವನು ನನ್ನನ್ನು ಹೊರಡಿಸಿದನು. ಪಂಚೆಯುಟ್ಟ ಪಂಡಿತನಿಗೆ ಆ ಬೀದಿ ಅಷ್ಟೇನೂ ಪರಿಚಿತವಲ್ಲ. ಜವಳಿ, ಜರಿ, ಪಾದರಕ್ಷೆ, ಬಳೆ ಎಲ್ಲವೂ ಅಲ್ಲಿ ರಾಶಿರಾಶಿ. ಕನ್ನಡ, ದಖನಿ, ತಮಿಳು ಒಂದೇ ಉಸಿರಿನಲ್ಲಿ ಹರಿಯುತ್ತವೆ. ಒಂದು ಆಟಿಕೆಯಂಗಡಿಯಲ್ಲಿ ವಿಚಾರಿಸಿದೆವು. “ಬಿಡಿಭಾಗ ಬರೋದಿಲ್ಲ ಸಾರ್, ಪೂರ್ತಿ ಬಾಕ್ಸ್ ತಗೊಳ್ಳಿ” ಎಂದರು. ಆ ಪೆಟ್ಟಿಗೆಯ ಬೆಲೆಯಲ್ಲಿ ನಮ್ಮ ವಿದ್ಯಾರ್ಥಿಯೊಬ್ಬನ ವರ್ಷದ ಪುಸ್ತಕಗಳು ಬರುತ್ತಿದ್ದವು.

ಅಲ್ಲಿಂದ ಶಿವಾಜಿನಗರದ ಕಡೆಗೆ ಹೊರಳಿದರೆ ಲೋಕವೇ ಬೇರೆ. ಹಳೆಯ ವಾಹನಗಳ ಭಾಗಗಳನ್ನು ಮಾರುವ ಗುಜರಿ ಅಂಗಡಿಗಳು, ಅವುಗಳ ನಡುವೆ ಎಣ್ಣೆ ಮೆತ್ತಿದ ಒಂದು ಲೇತಿನ ಅಂಗಡಿ. ಅದರ ಯಜಮಾನರು ಎಪ್ಪತ್ತು ದಾಟಿದ ಸಾಹೇಬರು. ಹುಡುಗನ ಮಾತನ್ನು ಪೂರ್ತಿ ಕೇಳಿ, “ನಕ್ಷೆ ಎಲ್ಲಿ ಮಗ? ಬಾಯಲ್ಲಿ ಹೇಳಿದರೆ ಲೇತಿಗೆ ಕೇಳಿಸೋದಿಲ್ಲ” ಎಂದರು. ಮರುದಿನ ಅವನು ಕೈವಾರದಿಂದ ನಕ್ಷೆ ಬರೆದು ತಂದನು. ಅವರು ವರ್ನಿಯರ್ ಹಿಡಿದು ಅಳೆಯುವುದನ್ನು ಅವನಿಗೆ ಕಲಿಸಿ, ಬಿಳಿಯ ನೈಲಾನ್ ಸರಳೊಂದನ್ನು ಯಂತ್ರಕ್ಕೆ ಕಚ್ಚಿಸಿದರು. “ಮೇಷ್ಟ್ರೇ, ಲಾರಿಯ ಬುಷ್ ಕೂದಲೆಳೆ ಹೆಚ್ಚುಕಡಿಮೆಯಾದರೆ ಗ್ರೀಸ್ ಹಾಕಿ ಒಪ್ಪಿಸಬಹುದು. ಈ ಆಟದ ಸಾಮಾನು ಒಪ್ಪೋದಿಲ್ಲ” ಎಂದು ನಕ್ಕರು.

ಗಾಲಿಯೇನೋ ಆಯಿತು, ಅಚ್ಚಿನ ರಂಧ್ರ ತೊಡಕಾಯಿತು. ಲೆಗೋ ಅಚ್ಚು ಕೂಡಿಸುವ ಚಿಹ್ನೆಯ ಆಕಾರದ್ದು. ಲೇತು ಕೊರೆಯುವುದು ದುಂಡು ರಂಧ್ರವನ್ನು ಮಾತ್ರ. ಸಾಹೇಬರು ಕ್ಷಣಕಾಲ ಯೋಚಿಸಿ, ಪೆಟ್ಟಿಗೆಯಲ್ಲಿದ್ದ ಚಿಕ್ಕ ಬುಷ್‌ಗಳಲ್ಲಿ ಒಂದನ್ನು ಕೇಳಿ ಪಡೆದರು. ಗಾಲಿಯ ನಡುವೆ ಅದರ ಹೊರ ಅಳತೆಗೆ ದುಂಡಾಗಿ ಕೊರೆದು, ಬುಷ್ಷನ್ನು ಒತ್ತಿ ಕೂರಿಸಿದರು. ಒಳಗೆ ಕೂಡಿಸುವ ಚಿಹ್ನೆ, ಹೊರಗೆ ದುಂಡು. ಎರಡಕ್ಕೂ ಸಂಬಂಧ ಏರ್ಪಟ್ಟಿತು. ನನ್ನ ಕಣ್ಣಿಗೆ ಅದು ಆಗಮ ಸಂಧಿಯಂತೆಯೇ ಕಂಡಿತು. ‘ಮನೆ’ಗೆ ‘ಅನ್ನು’ ನೇರವಾಗಿ ಹತ್ತದು. ನಡುವೆ ಯಕಾರವೊಂದು ಬಂದು ‘ಮನೆಯನ್ನು’ ಎಂದಾಗುತ್ತದೆ. ಆ ಯಕಾರಕ್ಕೆ ಸ್ವಂತ ಅರ್ಥವಿಲ್ಲ. ಕೂಡಿಸುವುದೇ ಅದರ ಕೆಲಸ. ಕೇಶಿರಾಜನನ್ನು ಓದದವರೊಬ್ಬರು ಆಗಮದ ಮರ್ಮವನ್ನು ಬೆರಳ ತುದಿಯಲ್ಲಿ ಬಲ್ಲವರಾಗಿದ್ದರು.

ಮೂರು ಜೋಡಿ ಗಾಲಿಗಳು ಬೇಕಾಗಿದ್ದವು. ಹಳಿಯನ್ನು ತಪ್ಪದಂತೆ ಹಿಡಿಯುವ ಒಳ ಅಂಚು ಎಲ್ಲಕ್ಕೂ ಇದ್ದರೆ, 320 ಮಿಲಿಮೀಟರು ತ್ರಿಜ್ಯದ ಆ ಬಿಗಿಯಾದ ತಿರುವಿನಲ್ಲಿ ಬಂಡಿ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ನಡುವಣ ಜೋಡಿ ಅಂಚಿಲ್ಲದೆ ತಯಾರಾಯಿತು. ಹಿಂದಣ ಜೋಡಿಗೆ ತೆಳುವಾದ ಗೀರು ತೋಡಿ ರಬ್ಬರಿನ ಓ-ರಿಂಗ್ ತೊಡಿಸಿದುದರಿಂದ ಗಾಲಿ ಜಾರದೆ ಎಳೆಯುವಂತಾಯಿತು. ಕೊನೆಗೆ ಉಪ್ಪು ಕಾಗದದಿಂದ ಉಜ್ಜಿ ನಯ ಮಾಡುವ ಕೆಲಸವನ್ನು ಹುಡುಗನಿಗೇ ಬಿಟ್ಟರು. ನಾನು ಸ್ವಲ್ಪ ಹೆಚ್ಚು ಹಣ ಮುಂದಿಟ್ಟಾಗ, “ಕೂಲಿ ಕೂಲಿಯೇ ಮೇಷ್ಟ್ರೇ” ಎಂದು ಹೆಚ್ಚಿನದನ್ನು ಹಿಂದಿರುಗಿಸಿದರು. ಅವರ ಮಕ್ಕಳು ಬೇರೆ ಉದ್ಯೋಗ ಹಿಡಿದಿದ್ದಾರೆ. ತಮ್ಮ ತರುವಾಯ ಆ ಲೇತಿನ ಮುಂದೆ ನಿಲ್ಲುವವರಿಲ್ಲ ಎಂದು ಅವರು ಹೇಳಿದ ಮಾತಿನಲ್ಲಿ ದೂರಿನ ಸ್ವರವಿರಲಿಲ್ಲ. ಅದರಿಂದಲೇ ಅದು ನನ್ನ ಮನಸ್ಸಿನಲ್ಲಿ ಉಳಿಯಿತು.

ಎಂಜಿನ್ನನ್ನು ತಾತನ ಮಡಿಲಲ್ಲಿಟ್ಟಾಗ ಅವರು ಬೆರಳಿನಿಂದ ಗಾಲಿಗಳನ್ನು ಒಂದೊಂದಾಗಿ ತಡವಿದರು, ಗಾಲಿಗಳನ್ನು ಜೋಡಿಸುವ ಕಂಬಿಗಳನ್ನು ತಡವಿದರು. “ಎರಡು ಪಕ್ಕದ ಕಂಬಿಯೂ ಒಂದೇ ಸಲ ಮೇಲೆ ಬಂದಿದೆಯಲ್ಲಪ್ಪ. ಹೀಗಿದ್ದರೆ ಎಂಜಿನ್ ನಿಂತಲ್ಲೇ ನಿಂತೀತು. ಒಂದಕ್ಕಿಂತ ಒಂದು ಕಾಲು ಸುತ್ತು ಮುಂದಿರಬೇಕು” ಎಂದರು. ನಿಜವೇ, ಎರಡು ಸಿಲಿಂಡರುಗಳ ಉಗಿಬಂಡಿಯಲ್ಲಿ ಒಂದು ಪಕ್ಕದ ಒತ್ತಡ ಶೂನ್ಯವಾದಾಗ ಇನ್ನೊಂದು ಪಕ್ಕ ತಳ್ಳುವಂತೆ ಹಾಗೆ ಅಳವಡಿಸಿರುತ್ತಾರೆ. ಹುಡುಗ ಒಂದು ಪಕ್ಕದ ಗಾಲಿಗಳನ್ನು ಕಿತ್ತು, ಕೂಡಿಸುವ ಚಿಹ್ನೆಯ ಒಂದು ತೋಳಿನಷ್ಟು ತಿರುಗಿಸಿ ಮತ್ತೆ ಸಿಕ್ಕಿಸಿದನು: ಕರಾರುವಾಕ್ಕಾಗಿ ಕಾಲು ಸುತ್ತು. ಮುದುಕರು ಮತ್ತೊಮ್ಮೆ ತಡವಿ ನೋಡಿ, “ಈಗ ಹೊರಡುತ್ತೆ” ಎಂದರು. ಅರ್ಧ ಶತಮಾನದ ಕಾಯಕವನ್ನು ಅವರ ಬೆರಳು ಮರೆತಿರಲಿಲ್ಲ. ಮರುವರ್ಷ ಅವರು ತೀರಿಕೊಂಡರು.

ಈಗ ಗಣಕಯಂತ್ರದಲ್ಲಿ ಚಿತ್ರಿಸಿದ ವಸ್ತುವನ್ನು ಪದರ ಪದರವಾಗಿ ಅಚ್ಚೊತ್ತುವ ಯಂತ್ರಗಳು ಬಂದಿವೆ. ನಮ್ಮ ಹುಡುಗನೂ ಅದನ್ನು ಕಲಿಯುತ್ತಿದ್ದಾನೆ. ಅದು ಸಂತೋಷದ ಸಂಗತಿ. ಆದರೆ ಅಚ್ಚಿನಿಂದ ಬಂದ ಗಾಲಿಯನ್ನೂ ಅಳೆದು, ಉಜ್ಜಿ, ಹೊಂದಿಸುವುದು ಕೈಯೇ. ನಾನು ಓದುತ್ತಿದ್ದ ಕಾಲದಲ್ಲಿ ನಮ್ಮ ಶಾಲೆಯಲ್ಲಿ ಮರಗೆಲಸದ ಪಾಠವಿತ್ತು. ಆ ಮೇಷ್ಟ್ರು ನಿವೃತ್ತರಾದ ಬಳಿಕ ಅವರ ಸ್ಥಾನಕ್ಕೆ ಯಾರೂ ಬರಲಿಲ್ಲ. ಉಪಕರಣಗಳು ಉಗ್ರಾಣ ಸೇರಿದವು. ಕಟ್ಟಡಕ್ಕೂ ಗಣಕಯಂತ್ರಗಳಿಗೂ ಉದಾರವಾಗಿ ನೀಡಿದ ದಾನಿಗಳಲ್ಲಿ ನನ್ನದೊಂದು ವಿನಂತಿ: ಒಂದು ಲೇತು, ನಾಲ್ಕು ವರ್ನಿಯರ್, ವಾರಕ್ಕೆರಡು ದಿನ ಬಂದು ಕಲಿಸುವ ಒಬ್ಬ ಕುಶಲಿಗೆ ಗೌರವ ಸಂಭಾವನೆ. ಅಂಥ ಹಿರಿಯರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ; ಅವರ ಕೈಯ ವಿದ್ಯೆ ಮಕ್ಕಳ ಕೈಗೆ ದಾಟುವುದಕ್ಕೆ ಉಳಿದಿರುವ ಕಾಲ ಮಾತ್ರ ಅಲ್ಪ.