ಅರಂತೋಡಿನ ದಾರಿಯಲ್ಲಿ ತಂತಿ ಎಣಿಸುತ್ತ...

ಸುಳ್ಯದಲ್ಲಿ ಮಡಿಕೇರಿ ಕಡೆಯ ಬಸ್ಸು ಹತ್ತಿದವರಿಗೆ ದಾರಿಯಲ್ಲಿ ಒಂದು ಸೋಜಿಗ ಎದುರಾಗುತ್ತದೆ. ಬಸ್ಸು ದಕ್ಷಿಣ ಕನ್ನಡವನ್ನು ಬಿಟ್ಟು ಕೊಡಗಿನ ಪೆರಾಜೆಯನ್ನು ಹೊಕ್ಕು, ಮತ್ತೆ ದಕ್ಷಿಣ ಕನ್ನಡಕ್ಕೇ ಮರಳಿ ಅರಂತೋಡಿಗೆ ಬರುತ್ತದೆ. ತೊಡಿಕಾನದ ಮಲ್ಲಿಕಾರ್ಜುನ ದೇವಸ್ಥಾನಕ್ಕೆ ಹೋಗುವವರು ಹೆದ್ದಾರಿ ಬಿಟ್ಟು ತಿರುಗುವುದು ಇಲ್ಲಿಯೇ. ಕಣಿವೆಯಲ್ಲಿ ಅಡಿಕೆ ತೋಟ, ಗುಡ್ಡದಲ್ಲಿ ರಬ್ಬರ್, ಪಕ್ಕದಲ್ಲಿ ಪಯಸ್ವಿನಿ. ಕಣ್ಣಿಗೆ ಹಬ್ಬ.

ಹಸಿರನ್ನು ನೋಡಿ ತಣಿದ ಮೇಲೆ ವಿದ್ಯಾರ್ಥಿಗಳು ವಿದ್ಯುತ್ ಕಂಬದತ್ತಲೂ ತಲೆಯೆತ್ತಬೇಕು. ತೀರಾ ಮೇಲಿನ ಮೂರು ತಂತಿಗಳು 11,000 ವೋಲ್ಟಿನವು. ಅವು ನೇರವಾಗಿ ಮನೆಗೆ ಬರುವುದಿಲ್ಲ. ಟ್ರಾನ್ಸ್‌ಫಾರ್ಮರ್ ದಾಟಿ ಹೊರಟ ತಂತಿಗಳು ಎಷ್ಟು? ನಾಲ್ಕಿದ್ದರೆ ಮೂರು ಫೇಸ್, ಒಂದು ನ್ಯೂಟ್ರಲ್. ಬೀದಿದೀಪಕ್ಕೆಂದು ಐದನೆಯದೂ ಇರಬಹುದು. ಎರಡೇ ಇದ್ದರೆ ಅದು ಸಿಂಗಲ್ ಫೇಸ್. ಹಳ್ಳಿಯಲ್ಲಿ ಒಂದು ಸಣ್ಣ ವರ್ಕ್‌ಶಾಪ್ ಏಳಬಲ್ಲುದೇ ಎಂಬುದು ಬಹುಮಟ್ಟಿಗೆ ಈ ಲೆಕ್ಕದ ಮೇಲೆ ನಿಂತಿದೆ.

ಅಡಿಕೆಯ ನಾಡಿನಲ್ಲಿ ವರ್ಕ್‌ಶಾಪಿಗೆ ಕೆಲಸದ ಬರವಿಲ್ಲ. ಪಂಪಿನ ಶಾಫ್ಟು ಸವೆಯುತ್ತದೆ, ಅಡಿಕೆ ಸುಲಿಯುವ ಯಂತ್ರದ ಬೇರಿಂಗ್ ಹೋಗುತ್ತದೆ, ರಬ್ಬರ್ ಶೀಟಿನ ರೋಲರ್ ಕೆಡುತ್ತದೆ. ಐಟಿಐ ಅಥವಾ ಡಿಪ್ಲೊಮಾ ಮುಗಿಸಿದ ಹುಡುಗನಿಗೆ ಬೆಂಗಳೂರಿನ ಬಸ್ಸು ಹತ್ತದೆ ಊರಲ್ಲೇ ಒಂದು ಲೇತ್ ಇಟ್ಟುಕೊಳ್ಳುವ ಆಸೆ ಹುಟ್ಟಿದರೆ ಅದು ಅಸಹಜವಲ್ಲ. ತಂದೆ ಸಾಲ ಮಾಡಿ ಹಳೆಯ ಲೇತ್ ಕೊಡಿಸುತ್ತಾರೆ. ಲಾರಿಯಿಂದ ಇಳಿಸಿದ ಮೇಲೆ ಗೊತ್ತಾಗುತ್ತದೆ, ಅದರ ಮೋಟಾರು ತ್ರೀಫೇಸಿನದು, ಮನೆಯ ಮೀಟರು ಸಿಂಗಲ್ ಫೇಸಿನದು!

ಕಾರ್ಖಾನೆಯ ಯಂತ್ರಗಳಿಗೆ ಮೂರು ಫೇಸೇ ಏಕೆ? ಹಳೆಯ ಮನೆಗಳ ಬೀಸುಕಲ್ಲನ್ನು ನೆನೆಯಿರಿ. ಒಬ್ಬನೇ ಎದುರು ಕುಳಿತು ಗೂಟವನ್ನು ಒಂದೇ ಗೆರೆಯಲ್ಲಿ ನೂಕುತ್ತ ಎಳೆಯುತ್ತ ಇದ್ದರೆ ಕಲ್ಲು ಅತ್ತಿತ್ತ ಅಲುಗೀತೇ ಹೊರತು ತಿರುಗದು. ಮೂವರು ಸುತ್ತ ಕುಳಿತು, ಗೂಟ ತಮ್ಮೆದುರಿಗೆ ಬಂದಾಗ ಒಬ್ಬರಾದ ಮೇಲೆ ಒಬ್ಬರು ನೂಕಿದರೆ ಅದು ತಾನಾಗಿಯೇ ಸುತ್ತತೊಡಗುತ್ತದೆ. ಮೂರು ಫೇಸ್‌ಗಳ ಕೆಲಸವೂ ಇದೇ. ಸೆಕೆಂಡಿಗೆ 50 ಆವರ್ತನದ ನಮ್ಮ ವಿದ್ಯುತ್ತಿನಲ್ಲಿ ಒಂದರ ಹಿಂದೆ ಒಂದು ಫೇಸ್ 1/150 ಸೆಕೆಂಡಿನ ಅಂತರದಲ್ಲಿ ಏರುತ್ತದೆ. ಸಿಂಗಲ್ ಫೇಸ್ ಮೋಟಾರಿಗೆ ಈ ಸುತ್ತುವ ನೂಕು ತಾನಾಗಿ ಸಿಗದು. ಆದ್ದರಿಂದಲೇ ಅದಕ್ಕೆ ಕಂಡೆನ್ಸರಿನ ಊರುಗೋಲು.

ಕರ್ನಾಟಕಕ್ಕೆ ಇದು ಹೊಸ ವಿಷಯವಲ್ಲ. ಜರ್ಮನಿಯ ಲೌಫೆನ್‌ನಿಂದ ಫ್ರಾಂಕ್‌ಫರ್ಟಿಗೆ 175 ಕಿ.ಮೀ. ದೂರ ತ್ರೀಫೇಸ್ ವಿದ್ಯುತ್ ಹರಿದು ಜಗತ್ತು ಬೆರಗಾದದ್ದು 1891ರಲ್ಲಿ. 1902ರಲ್ಲೇ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿ.ಮೀ. ಸಾಗಿ ಕೋಲಾರದ ಚಿನ್ನದ ಗಣಿಯ ಯಂತ್ರಗಳನ್ನು ತಿರುಗಿಸಿತು. ಬೆಂಗಳೂರಿನ ಬೀದಿಗೆ ಅದರ ಬೆಳಕು ಬಂದದ್ದು ಆಮೇಲೆ, 1905ರಲ್ಲಿ.

ಈಗ ಸ್ವಲ್ಪ ಲೆಕ್ಕ. ಒಂದು ಅಶ್ವಶಕ್ತಿ ಎಂದರೆ 746 ವ್ಯಾಟ್. ಲೇತಿನ ಮೋಟಾರು 3 ಅಶ್ವಶಕ್ತಿಯದಾದರೆ, ನಷ್ಟ ಸೇರಿ ಸುಮಾರು 2,800 ವ್ಯಾಟ್ ಬೇಕು. ಪವರ್ ಫ್ಯಾಕ್ಟರ್ 0.8 ಎಂದಿಟ್ಟುಕೊಂಡರೆ, 230 ವೋಲ್ಟಿನ ಒಂದೇ ಫೇಸಿನಿಂದ ಸುಮಾರು 15 ಆಂಪಿಯರ್ ಹರಿಯಬೇಕು. 400 ವೋಲ್ಟಿನ ಮೂರು ಫೇಸಾದರೆ ಪ್ರತಿ ತಂತಿಯಲ್ಲಿ 5 ಆಂಪಿಯರ್ ಸಾಕು. ಮೋಟಾರು ಚಾಲೂ ಆಗುವ ಕ್ಷಣದಲ್ಲಂತೂ ಇದರ ಹಲವು ಪಟ್ಟು ಬೇಕು. ತೋಟಗಳ ಪಂಪು ಓಡುವ ಮಾರ್ಚ್-ಏಪ್ರಿಲಿನಲ್ಲಿ, ಉದ್ದ ಲೈನಿನ ಕೊನೆಯ ಮನೆಯಲ್ಲಿ ಇಂಥ ಮೋಟಾರು ಸಿಂಗಲ್ ಫೇಸಿನಲ್ಲಿ ಚಾಲೂ ಆದರೆ, ನೆರೆಮನೆಯಲ್ಲಿ ಓದುವ ಮಕ್ಕಳ ದೀಪ ಮಂಕಾಗುತ್ತದೆ.

ಹಾಗಾದರೆ ದಾರಿ ಯಾವುದು? ಮೊದಲನೆಯದು ಮೆಸ್ಕಾಂಗೆ ಅರ್ಜಿ ಹಾಕಿ ತ್ರೀಫೇಸ್ ಸಂಪರ್ಕವನ್ನೇ ಪಡೆಯುವುದು. ಇದೇ ರಾಜಮಾರ್ಗ. ಆದರೆ ಮಂಜೂರಾದ ಶಕ್ತಿಗೆ ತಕ್ಕ ನಿಗದಿತ ಶುಲ್ಕವನ್ನು, ಯಂತ್ರ ತಿರುಗದ ತಿಂಗಳಲ್ಲೂ ಕಟ್ಟಬೇಕು. ಎರಡನೆಯದು, ಒಂದೆರಡು ಅಶ್ವಶಕ್ತಿಯ ಯಂತ್ರಕ್ಕೆ ಸಿಂಗಲ್ ಫೇಸ್ ಮೋಟಾರನ್ನೇ ಕೂಡಿಸುವುದು. ಮೂರನೆಯದು ವಿ.ಎಫ್.ಡಿ. ಎಂಬ ಎಲೆಕ್ಟ್ರಾನಿಕ್ ಡ್ರೈವ್. ಅದು ಸಿಂಗಲ್ ಫೇಸನ್ನು ಡಿ.ಸಿ. ಮಾಡಿ, ಅದರಿಂದ ಮೂರು ಫೇಸನ್ನು ಕಟ್ಟಿಕೊಡುತ್ತದೆ. ವೇಗವನ್ನೂ ಗುಂಡಿ ತಿರುಗಿಸಿ ಬದಲಿಸಬಹುದು. ಆದರೆ ಸಾಮಾನ್ಯವಾಗಿ 230 ವೋಲ್ಟ್ ಕೊಟ್ಟರೆ ಅದರಿಂದ ಹೊರಬರುವುದೂ 230 ವೋಲ್ಟೇ. 415 ವೋಲ್ಟಿಗೆ ಸ್ಟಾರ್ ಜೋಡಣೆಯಲ್ಲಿರುವ ಸಣ್ಣ ಮೋಟಾರಿನ ಆರು ತುದಿಗಳೂ ಹೊರಗಿದ್ದರೆ ಡೆಲ್ಟಾಗೆ ಬದಲಿಸಿ ಓಡಿಸಬಹುದು. 415 ವೋಲ್ಟಿಗೇ ಡೆಲ್ಟಾ ಆಗಿರುವ ಮೋಟಾರು ಇದರಲ್ಲಿ ಪೂರ್ಣ ಬಲ ಕೊಡದು. ಆದ್ದರಿಂದ ಹಳೆಯ ಯಂತ್ರ ಕೊಳ್ಳುವವರು ಬಣ್ಣಕ್ಕಿಂತ ಮೊದಲು ಮೋಟಾರಿನ ನೇಮ್‌ಪ್ಲೇಟನ್ನು ಓದಬೇಕು.

ನಾಲ್ಕನೆಯದೊಂದು ಅಡ್ಡದಾರಿಯೂ ಇದೆ. ತ್ರೀಫೇಸ್ ವಿದ್ಯುತ್ತಿಗಾಗಿ ಗಂಟೆ ಎಣಿಸಿದ ಬೇಸಗೆಗಳಲ್ಲಿ ರೈತರು ಕಂಡುಕೊಂಡದ್ದು: ಕಂಡೆನ್ಸರ್ ಕೊಟ್ಟು ತ್ರೀಫೇಸ್ ಮೋಟಾರನ್ನು ಹೇಗೋ ತಿರುಗಿಸುವುದು. ಮೋಟಾರು ತಿರುಗುತ್ತದೆ, ಆದರೆ ಬಲ ಕುಗ್ಗುತ್ತದೆ, ಮೈ ಕಾಯುತ್ತದೆ. ಸ್ವಿಚ್ ಆರಿಸಿದ ಮೇಲೂ ಕಂಡೆನ್ಸರಿನಲ್ಲಿ ವಿದ್ಯುತ್ ಉಳಿದಿರುತ್ತದೆ. ಮುಟ್ಟಿದವರ ಜೀವಕ್ಕೇ ಅಪಾಯ.

ಸರಿಯಾದ ಸಂಪರ್ಕ ಬಂದ ಮೇಲೂ ಮಳೆಗಾಲ ಇದ್ದೇ ಇದೆ. ಗಾಳಿಗೆ ಸೋಗೆಯೋ ಕೊಂಬೆಯೋ ಬಿದ್ದು ಒಂದು ಫೇಸ್ ಹೋಯಿತೆನ್ನಿ. ಬೀಸುಕಲ್ಲಿನ ಮೂವರಲ್ಲಿ ಒಬ್ಬ ಎದ್ದು ಹೋದಂತೆ. ತಿರುಗುತ್ತಿದ್ದ ಮೋಟಾರು ತಿರುಗುತ್ತಲೇ ಇರುತ್ತದೆ. ಆದರೆ ಉಳಿದ ತಂತಿಗಳ ಹೊರೆ ಸುಮಾರು 1.7 ಪಟ್ಟಾಗಿ, ಕೆಲವೇ ನಿಮಿಷಗಳಲ್ಲಿ ವೈಂಡಿಂಗ್ ಸುಟ್ಟ ವಾಸನೆ ಬರುತ್ತದೆ. ಓವರ್‌ಲೋಡ್ ರಿಲೇ, ಸಿಂಗಲ್ ಫೇಸಿಂಗ್ ಪ್ರಿವೆಂಟರ್ ಇದ್ದರೆ ಮೋಟಾರು ಉಳಿಯುತ್ತದೆ. ಲೈನ್ ದುರಸ್ತಿಯಲ್ಲಿ ಎರಡು ಫೇಸ್ ಅದಲುಬದಲಾದರೆ ಯಂತ್ರ ಹಿಮ್ಮುಖ ತಿರುಗುತ್ತದೆ. ಪಂಪಿನಲ್ಲಾದರೆ ನೀರು ಕಡಿಮೆ, ಅಷ್ಟೇ. ಲೇತಿನಲ್ಲಾದರೆ ತಿರುಪಿನಿಂದ ಕೂಡಿಸಿದ ಚಕ್ ಸಡಿಲಗೊಂಡು ಸಿಡಿಯಲೂಬಹುದು. ಕರೆಂಟು ಮರಳಿದ ಮೇಲೆ ಮೊದಲ ಬಾರಿಗೆ ಯಂತ್ರವನ್ನು ಬರಿದೇ ತಿರುಗಿಸಿ ದಿಕ್ಕು ನೋಡುವುದು ಜಾಣತನ.

ಇವನ್ನೆಲ್ಲ ಮನೆಯಲ್ಲಿ ಪ್ರಯೋಗ ಮಾಡಿ ಕಲಿಯುವಂತಿಲ್ಲ. ಜೋಡಣೆ ಲೈಸೆನ್ಸ್ ಇರುವ ಗುತ್ತಿಗೆದಾರರ ಕೆಲಸ. ಆದರೆ ತಿಳಿದುಕೊಳ್ಳುವುದಕ್ಕೆ ಲೈಸೆನ್ಸ್ ಬೇಡ. ಮಗನೋ ಮಗಳೋ ಊರಲ್ಲೇ ವರ್ಕ್‌ಶಾಪ್ ಮಾಡುತ್ತೇನೆಂದಾಗ ಹೆತ್ತವರು ಬೇಡವೆನ್ನುವುದು ಬೇಡ, ಕೂಡಲೇ ಸಾಲಕ್ಕೆ ಓಡುವುದೂ ಬೇಡ. ಮೊದಲು ಇಬ್ಬರೂ ಒಟ್ಟಿಗೆ ರಸ್ತೆಗಿಳಿದು, ದೂರದಲ್ಲೇ ನಿಂತು, ಕಂಬದ ತಂತಿ ಎಣಿಸಲಿ. ಅರಂತೋಡಿನಲ್ಲಿ ಬಸ್ಸು ಬರುವವರೆಗೆ ಆ ಒಂದು ಪಾಠಕ್ಕೆ ಬೇಕಾದಷ್ಟು ಸಮಯವಿದೆ.