ಹಿಂದಕ್ಕೆ ಬಂದ ಆಡು

ಹುಲಿ, ಆಡು, ಹುಲ್ಲಿನ ಹೊರೆ ಇವನ್ನು ಹೊಳೆ ದಾಟಿಸುವ ಒಗಟನ್ನು ನಮ್ಮ ಉಪಾಧ್ಯಾಯಿನಿಯವರು ಎಂಟನೆಯ ತರಗತಿಯಲ್ಲಿ ಒಡ್ಡಿದ್ದರು. ದೋಣಿಯಲ್ಲಿ ಒಡೆಯನೊಡನೆ ಒಂದೇ ಹಿಡಿಯುವದು. ಅವನಿಲ್ಲದಾಗ ಹುಲಿ ಆಡನ್ನೂ ಆಡು ಹುಲ್ಲನ್ನೂ ತಿನ್ನುವದು. ಆಚೆ ದಡ ಸೇರಿದ್ದನ್ನು ಮರಳಿ ತರುವದು ದಡ್ಡತನವೆಂದೆಣಿಸಿ ನಾವೆಲ್ಲರೂ ನಡುವೆಯೇ ಸಿಕ್ಕಿಬಿದ್ದೆವು. ಅದೇ ತರಗತಿಯಲ್ಲಿ ಎರಡನೆಯ ವರುಷ ಕುಳಿತಿದ್ದ ಗೆಳತಿಯೊಬ್ಬಳು ಮಾತ್ರ ಆಡನ್ನು ಈಚೆಗೆ ತಂದಳು. ನಾವು ನಕ್ಕೆವು.

ಕೃತಕ ಬುದ್ಧಿಮತ್ತೆಯ ಪಾಠಗಳಲ್ಲಿ ಹುಡುಕಾಟದ ಕ್ರಮವನ್ನು ತಿಳಿಸಲು ಇದೇ ಒಗಟನ್ನು ಬಳಸುವದನ್ನು ಈಚೆಗೆ ಕಂಡೆವು. ಒಡೆಯನೂ ಸೇರಿ ನಾಲ್ವರು, ದಡಗಳೆರಡು. ಆದುದರಿಂದ ಸ್ಥಿತಿಗಳು 16, ಅಪಾಯವಿಲ್ಲದವು 10. ಆಚೆ ದಡದ ಗಳಿಕೆ ಎಂದಿಗೂ ಕಡಮೆಯಾಗಬಾರದೆಂದು ಯಂತ್ರಕ್ಕೆ ವಿಧಿಸಿದರೆ ಅದೂ ನಮ್ಮಂತೆಯೇ ನಿಂತುಬಿಡುವದು. ಒಂದು ದಾಟಿಗೆ ಮುಟ್ಟುವ ಸ್ಥಿತಿಗಳನ್ನೆಲ್ಲ ಮೊದಲು, ಎರಡಕ್ಕೆ ಮುಟ್ಟುವವನ್ನು ಆಮೇಲೆ, ಹೀಗೆ ಮಟ್ಟಮಟ್ಟವಾಗಿ, ಕಂಡದ್ದಕ್ಕೆ ಗುರುತಿಡುತ್ತ ಹೋದರೆ 7 ದಾಟುಗಳ ದಾರಿ ದೊರೆಯುವದು; ಅದಕ್ಕಿಂತ ಗಿಡ್ಡದಿಲ್ಲ. ಚದುರಂಗದಂಥ ಅಪಾರ ಆಟಕ್ಕೆ ಈ ಕ್ರಮವೊಂದೇ ಸಾಲದು, ಅದು ಬೇರೆ ಮಾತು. ನಮ್ಮ ಹೊಳೆಯಲ್ಲಂತೂ ನಾಲ್ಕನೆಯ ದಾಟಿಗೆ ಆಡು ಹಿಂದಕ್ಕೆ ಬರಲೇಬೇಕು.

ಆ ಗೆಳತಿಯು ಈ ಸಂಚಿಕೆಯನ್ನು ಓದುವಳೋ ಇಲ್ಲವೋ ಅರಿಯೆವು. ಓದಿದರೆ, ಅಂದಿನ ನಗೆಗಾಗಿ ನಮ್ಮನ್ನು ಕ್ಷಮಿಸಬೇಕೆಂದು ಬೇಡುತ್ತೇವೆ.