ಸಾಸಿವೆ ಡಬ್ಬಿಯ ಬೆಳಕು

ಆಕಾಶ ನೋಡುವ ಹುಚ್ಚಿರುವವರು ಇಂದಿರಾನಗರದಲ್ಲಿ ಮನೆ ಮಾಡಬಾರದು ಎನ್ನುತ್ತಾರೆ. ನಿಜವೇ. ನೂರಡಿ ರಸ್ತೆಯ ದೀಪಗಳ ಮುಂದೆ ನಕ್ಷತ್ರಗಳು ನಾಚಿ ಒಳಸೇರುತ್ತವೆ. ಆದರೂ ಮೇ ತಿಂಗಳಲ್ಲಿ ಒಂದು ಮಳೆ ಬಂದು ಧೂಳು ತೊಳೆದ ರಾತ್ರಿ, 1 ಗಂಟೆಯ ಮೇಲೆ, ನಾನೂ ಮಗಳೂ ತಾರಸಿ ಹತ್ತುತ್ತೇವೆ. ಈಶಾನ್ಯದಲ್ಲಿ ಅಭಿಜಿತ್ ನಕ್ಷತ್ರ ಮೇಲೇರಿರುತ್ತದೆ. ಅದರ ಹತ್ತಿರವೇ ಉಂಗುರ ನೀಹಾರಿಕೆ. ನಮ್ಮ ಪುಟ್ಟ ದೂರದರ್ಶಕದಲ್ಲಿ ಅದು ಕನ್ನಡಿಯ ಮೇಲೆ ಬಿಟ್ಟ ಉಸಿರಿನಷ್ಟು ಮಸುಕು.

ಇಂಥವನ್ನು ‘ಗ್ರಹೀಯ ನೀಹಾರಿಕೆ’ ಎನ್ನುತ್ತಾರೆ. ಗ್ರಹಕ್ಕೂ ಇದಕ್ಕೂ ನಂಟಿಲ್ಲ. ಸಣ್ಣ ತಟ್ಟೆಯಂತೆ ಕಂಡದ್ದರಿಂದ ವಿಲಿಯಂ ಹರ್ಷೆಲ್ 1780ರ ದಶಕದಲ್ಲಿ ಇಟ್ಟ ಹೆಸರು ಹಾಗೇ ಉಳಿಯಿತು. ನಿಜದಲ್ಲಿ ಇದು ಸೂರ್ಯನಂಥ ನಕ್ಷತ್ರ ಮುದಿಯಾಗಿ ಕಳಚಿದ ಹೊರಪದರ. 1864ರಲ್ಲಿ ವಿಲಿಯಂ ಹಗ್ಗಿನ್ಸ್ ಇಂಥದೊಂದರ ಬೆಳಕನ್ನು ಪಟ್ಟಕದಿಂದ ಒಡೆದು ನೋಡಿದಾಗ ಕಾಮನಬಿಲ್ಲಿನ ಬದಲು ಕೆಲವೇ ಗೆರೆಗಳು ಕಂಡವು. ಅದು ಅನಿಲವೆಂದು ಗೊತ್ತಾದದ್ದು ಹಾಗೆ. ಅದರ ಹಸಿರು ಗೆರೆ ಆಮ್ಲಜನಕದ್ದೆಂದು 1927ರಲ್ಲಿ ಐರಾ ಬೋವೆನ್ ತೋರಿಸಿಕೊಟ್ಟರು.

ಆ ಹಸಿರೇ ನಮಗೆ ಉಪಕಾರಿ. ಬೀದಿದೀಪದ ಬಿಳಿ ಬೆಳಕು ಎಲ್ಲ ಬಣ್ಣಗಳಲ್ಲೂ ಹಂಚಿಹೋಗಿರುತ್ತದೆ. ನೀಹಾರಿಕೆಯದು ಕೆಲವೇ ಗೆರೆಗಳಲ್ಲಿ. ಆ ಹಸಿರನ್ನಷ್ಟೇ ಒಳಬಿಡುವ ಫಿಲ್ಟರ್ ಹಾಕಿದರೆ ಊರಿನ ಬೆಳಕು ಬಹುಪಾಲು ಹೊರಗುಳಿಯುತ್ತದೆ. ಮಗಳು 2 ನಿಮಿಷದ 60 ಚಿತ್ರ ತೆಗೆಯುತ್ತಾಳೆ. ಒಂದೊಂದರಲ್ಲೂ ರವೆ ಚೆಲ್ಲಿದಂಥ ಕಲೆಗಳು. ಎಲ್ಲವನ್ನೂ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಜೋಡಿಸಿದರೆ, ಜಾಗ ಬದಲಿಸುವ ಕಲೆಗಳು ಮಾಸುತ್ತವೆ, ಜಾಗ ಬಿಡದ ಉಂಗುರ ಉಳಿಯುತ್ತದೆ. ಸಾಸಿವೆ ಡಬ್ಬಿಯಲ್ಲಿ ಚಿಲ್ಲರೆ ಕೂಡಿಟ್ಟು ಬಳೆ ಮಾಡಿಸಿಕೊಂಡ ಅಮ್ಮನ ಲೆಕ್ಕವೇ ಇದು.

ನಮ್ಮ ಹಳೇ ಮದರಾಸು ರಸ್ತೆಯಲ್ಲೇ ಕೆ.ಆರ್. ಪುರ ದಾಟಿ ಹೋದರೆ ಹೊಸಕೋಟೆ. ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯವರು ಅಲ್ಲಿ ಕುಳಿತೇ, ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರ್ ಕನ್ನಡಿಯ ದೂರದರ್ಶಕವನ್ನು ಉಪಗ್ರಹದ ಮೂಲಕ ನಡೆಸುತ್ತಾರೆ. ಅವರಿಗೆ 4,500 ಮೀಟರ್ ಎತ್ತರದ ಕತ್ತಲೆ. ನಮಗೆ ನೀರಿನ ಟ್ಯಾಂಕಿನ ಮರೆ.

‘ನಡುರಾತ್ರಿ ಹೆಂಗಸರಿಗೆ ತಾರಸಿಯಲ್ಲೇನು ಕೆಲಸ?’ ಎಂದು ಕೇಳುವವರಿದ್ದಾರೆ. ಹಗಲೆಲ್ಲ ಹತ್ತು ಜನರಿಗೆ ಹಂಚಿಹೋಗುವ ನಮಗೆ ಈ 2 ಗಂಟೆಯಷ್ಟೇ ಸ್ವಂತದ್ದು. ಬೆಳಕಿನಂತೆ ಬಿಡುವನ್ನೂ ಚೂರುಚೂರಾಗಿಯೇ ಕೂಡಿಡಬೇಕು. 2,000 ಜ್ಯೋತಿರ್ವರ್ಷಕ್ಕೂ ಆಚೆಯಿಂದ ಬಂದ ಬೆಳಕು ತಾರಸಿಗೆ ಇಳಿಯುವಾಗ, ಕಾದು ಬರಮಾಡಿಕೊಳ್ಳಲು ಮನೆಯವರೊಬ್ಬರಾದರೂ ಎಚ್ಚರವಿರಬೇಡವೇ?